ಗಕ್ಕೆ ಇಳಿ ಕೊಟ್ಟ ಗಿಡ್ಡಯ್ಯ

ಗಿಡ್ಡಯ್ಯನ ಬಗ್ಗೆ ಬರೆಯುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಬರಹದ ಬಹುಪಾಲಿನಲ್ಲಿ ನಾನು ಗಿಡ್ಡಯ್ಯನನ್ನು ‘ಅವನು’ ಎಂದೇ ಕರೆಯುತ್ತೇನೆ. ವಯಸ್ಸಿನಲ್ಲಿ ನನಗಿಂತ ನಾಲ್ಕು ವರ್ಷ ದೊಡ್ಡವನು. ಆದರೂ ಏಳು ವರ್ಷ ನಾನು ಅವನನ್ನು ‘ನೀನು’ ಎಂದೇ ಮಾತಾಡಿಸಿದೆ, ಅವನು ನನ್ನನ್ನು ‘ನೀವು’ ಎನ್ನುತ್ತಿದ್ದ. ಅದರಲ್ಲೇನೋ ಸರಿಯಿಲ್ಲ ಎಂದು ವ್ಯಾಕರಣ ಪಾಠ ಮಾಡುವ ನನಗೆ ಒಂದು ದಿನವೂ ಹೊಳೆಯಲಿಲ್ಲ. ಅದು ಬದಲಾದ ದಿನ ನನಗೆ ಚೆನ್ನಾಗಿ ನೆನಪಿದೆ. ಆ ದಿನ ಬಂದಾಗ ಬರಹದಲ್ಲೂ ಬದಲಾಯಿಸುತ್ತೇನೆ. ಈಗಿನಿಂದಲೇ ‘ಅವರು’ ಎಂದು ಬರೆದು, ನಾನು ಮೊದಲಿಂದಲೂ ಬಲು ಒಳ್ಳೆಯವಳು ಎಂದು ತೋರಿಸಿಕೊಳ್ಳುವ ಆಸೆ ನನಗಿಲ್ಲ.

ನಾನು ವಿಶಾಲಮ್ಮ. ಅರಸೀಕೆರೆಯಲ್ಲಿ ಪ್ರೈಮರಿ, ಹೈಸ್ಕೂಲು ಎರಡೂ ಇದ್ದ ಒಂದು ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕನ್ನಡ ಪಾಠ ಮಾಡಿದವಳು. ಕಾಗುಣಿತ ತಪ್ಪು ಕಂಡರೆ ನನಗೆ ತಡೆಯಲಾಗುವುದಿಲ್ಲ. ಮದುವೆಯ ಕರೆಯೋಲೆ ಬಂದರೆ ಮೊದಲು ಅಕ್ಷರ ನೋಡಿ ಆಮೇಲೆ ಮುಹೂರ್ತ ನೋಡುತ್ತೇನೆ. ಬೋರ್ಡಿನಲ್ಲಿ ‘ದಿನಸಿ’ ತಪ್ಪಾಗಿದ್ದರೆ ಆ ಅಂಗಡಿಗೆ ಹೋಗದೆ ಮುಂದಿನ ಅಂಗಡಿಗೆ ನಡೆಯುತ್ತೇನೆ. “ನಿನ್ನ ಕೈಲಿ ಒಂದು ಸೇರು ಬೇಳೆ ತರಿಸೋದೂ ಕಷ್ಟ ಕಣೇ” ಎಂದು ನಮ್ಮ ಯಜಮಾನರು ಗೊಣಗುತ್ತಿದ್ದರು. ಇಂಥ ನನಗೆ ಈ ಊರಿನಲ್ಲಿ ಜೋಡಿ ಎಂದು ಸಿಕ್ಕಿದವನು ಒಬ್ಬನೇ, ಬೋರ್ಡು ಬರೆಯುವ ಗಿಡ್ಡಯ್ಯ.

ಹೆಸರು ಗಿಡ್ಡಯ್ಯ, ಆಳು ಆರಡಿ. ಅಂಗಡಿಗಳ ಬಾಗಿಲ ಮೇಲಿನ ಬೋರ್ಡನ್ನು ಏಣಿಯಿಲ್ಲದೆ ಒಂದು ಸ್ಟೂಲು ಹಾಕಿಕೊಂಡು ಬರೆಯುತ್ತಿದ್ದ. ಬಸ್ ಸ್ಟ್ಯಾಂಡಿನ ಹಿಂದೆ ಅವನದೊಂದು ತಗಡಿನ ಅಂಗಡಿ. ಒಳಗೆ ಬಣ್ಣದ ಡಬ್ಬಿ, ಸೀಮೆಎಣ್ಣೆ ವಾಸನೆ, ಗೋಡೆಗೊರಗಿಸಿದ ಅರ್ಧಂಬರ್ಧ ಹೆಸರುಗಳು. ಕೊಬ್ಬರಿ ಮಂಡಿ, ಸೈಕಲ್ ಶಾಪು, ಡಾಕ್ಟರು, ವಕೀಲರು, ಗಂಡಸಿ ಕಡೆಗೆ ಓಡುವ ಬಸ್ಸಿನ ಹಣೆ, ಎಲ್ಲದರ ಮೇಲೂ ಅವನ ಅಕ್ಷರ.

ನಮ್ಮ ಪರಿಚಯವಾದದ್ದು ಜಗಳದಿಂದ. ೧೯೯೧ರಲ್ಲಿ ಶಾಲೆಗೆ ಹೊಸ ಬೋರ್ಡು ಬರೆಸಬೇಕಾಗಿತ್ತು. ನಾನು ಚೀಟಿಯಲ್ಲಿ ‘ಅರಸಿಕೆರೆ’ ಎಂದು ಬರೆದುಕೊಟ್ಟೆ. ಬೋರ್ಡು ಬಂದಾಗ ‘ಅರಸೀಕೆರೆ’ ಎಂದಿತ್ತು. ಅಲ್ಲಿಂದಲೇ ಅಂಗಡಿಗೆ ನಡೆದೆ.

“ನಾನು ಬರೆದುಕೊಟ್ಟಿದ್ದೇನು, ನೀನು ಬರೆದಿರೋದೇನು? ದೀರ್ಘ ಯಾಕೆ ಬಂತು?”

ಅವನು ಕುಂಚ ಒರೆಸಿಕೊಳ್ಳುತ್ತ ನಿಧಾನವಾಗಿ ಹೇಳಿದ: “ಅರಸಿಯ ಕೆರೆ ಅಲ್ವಾ ಮೇಡಮ್ನೋರೆ. ಮಧ್ಯದಾಗೆ ‘ಯ’ ಬಿಟ್ಟೋದ್ರೆ ಅದ್ರ ಜಾಗಕ್ಕೆ ದೀರ್ಘ ಬಂದು ಕುಂತ್ಕೊಂಡೈತೆ. ನಮ್ಮಪ್ಪ ರೈಲ್ವೆ ಗ್ಯಾಂಗ್‌ಮನ್ನು. ನಾನು ಅಕ್ಷರ ಕಲ್ತಿದ್ದೇ ಸ್ಟೇಷನ್ನಿನ ಹಳದಿ ಬೋರ್ಡು ನೋಡ್ಕೊಂಡು. ಅಲ್ಲಿ ಹೋಗಿ ನೋಡಿ, ಹಂಗೇ ಐತೆ.”

ಮನೆಗೆ ಬಂದು ಪುಸ್ತಕ ತೆಗೆದು ನೋಡಿದೆ. ಸ್ಟೇಷನ್ನಿಗೂ ಹೋಗಿ ನೋಡಿದೆ. ಅವನೇ ಸರಿ. ಅರಸೀಕೆರೆಯಲ್ಲಿ ಪಾಠ ಮಾಡುತ್ತ ಅರಸೀಕೆರೆಯನ್ನೇ ತಪ್ಪು ಬರೆದುಕೊಂಡಿದ್ದೆ ನಾನು. ನಾಚಿಕೆಯಾಯಿತು. ಆದರೆ ಅದನ್ನು ಅವನಿಗೆ ಹೇಳಲಿಲ್ಲ.

ಗಿಡ್ಡಯ್ಯ ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ. ಮಿಕ್ಕಿದ್ದನ್ನು ರೈಲುದಾರಿ ಕಲಿಸಿತು. ಅಪ್ಪನ ಜೊತೆ ಹಳಿ ಹಿಡಿದು ನಡೆಯುವಾಗ ಬಾಣಾವರದಲ್ಲಿ ಎರಡು ಇಳಿ, ಕಡೂರಿನಲ್ಲಿ ಒಂದು ಕೊಂಬಿನ ದೀರ್ಘ ಎಂದು ಎಣಿಸುತ್ತಿದ್ದನಂತೆ. ಆಮೇಲೆ ತಿಪಟೂರಿನ ಒಬ್ಬ ಪೇಂಟರನ ಹತ್ತಿರ ಆರು ವರ್ಷ ಬಣ್ಣ ಕಲಸಿ, ಕುಂಚ ಹಿಡಿಯುವುದನ್ನು ಕಲಿತು ಬಂದ. ಬರೆದ ಪ್ರತಿ ಬೋರ್ಡಿನ ಬಲಮೂಲೆಯಲ್ಲಿ ಚಿಕ್ಕದಾಗಿ ‘ಗಿಡ್ಡಯ್ಯ, ಅರಸೀಕೆರೆ’ ಎಂದು ಹಾಕುತ್ತಿದ್ದ. ಅದು ಕೆಲವರಿಗೆ ಹಿಡಿಸುತ್ತಿರಲಿಲ್ಲ. ನಮ್ಮ ಅಂಗಡಿಯ ಬೋರ್ಡಿನಲ್ಲಿ ಇವನ ಹೆಸರೇಕೆ ಎಂದು ಕೇಳಿದವರಿಗೆ, “ಹಂಗಾದ್ರೆ ಬೇರೆಯೋರ ಕೈಲಿ ಬರೆಸ್ಕೊಳ್ಳಿ ಸ್ವಾಮಿ” ಎನ್ನುತ್ತಿದ್ದ. ಬೇರೆಯವರ ಅಕ್ಷರ ಅವನದರಷ್ಟು ಚೆನ್ನಾಗಿರುತ್ತಿರಲಿಲ್ಲವಾದ್ದರಿಂದ ಬೈದುಕೊಂಡು ಅವನ ಹತ್ತಿರವೇ ಬರುತ್ತಿದ್ದರು.

ಇನ್ನೊಂದು ಜಂಬವೂ ಇತ್ತು. ಅಂಗಡಿಯ ಒಳಗೋಡೆಯ ಮೇಲೆ ಅವನೇ ಬರೆದಿದ್ದ: ‘ನನ್ನ ಬೋರ್ಡಿನಲ್ಲಿ ಒಂದಕ್ಷರ ತಪ್ಪು ತೋರಿಸಿದವರಿಗೆ ನನ್ನ ಕುಂಚ ಕೊಟ್ಟು ಈ ಕೆಲಸ ಬಿಡುತ್ತೇನೆ.’ ನಾನು ಊರಿನಲ್ಲಿರುವ ಅವನ ಬೋರ್ಡುಗಳನ್ನೆಲ್ಲ ಒಂದೊಂದಾಗಿ ಓದಿ ಮುಗಿಸಿದೆ. ಒಂದು ಒತ್ತೂ ಜಾರಿರಲಿಲ್ಲ.

ಆ ಹೆಸರು ಹಾಕುವ ಹುಚ್ಚು ಎಲ್ಲಿಂದ ಬಂತೆಂದು ತಿಳಿದದ್ದು ೧೯೯೩ರಲ್ಲಿ. ಶಾಲೆಯ ಮಕ್ಕಳನ್ನು ಬೇಲೂರು, ಹಳೇಬೀಡಿಗೆ ಕರೆದುಕೊಂಡು ಹೊರಟಿದ್ದೆ. “ಒಂದು ಸೀಟು ಇದ್ರೆ ನಾನೂ ಬತ್ತೀನಿ” ಎಂದ. ಬೇಲೂರಿನಲ್ಲಿ ಮಕ್ಕಳೆಲ್ಲ ಮದನಿಕೆಯರ ಮುಖ ನೋಡುತ್ತಿದ್ದರೆ ಇವನು ಅವರ ಕಾಲ ಕೆಳಗೆ ಹುಡುಕುತ್ತಿದ್ದ. “ನೋಡಿ ಮೇಡಮ್ನೋರೆ, ಕೆತ್ತಿದೋನು ಹೆಸರು ಹಾಕವ್ನೆ. ಕೆಲವ್ರು ಬಿರುದೂ ಹಾಕ್ಕೊಂಡವ್ರೆ, ನನ್ನ ಸಮ ಇಲ್ಲ ಅಂತ. ರಾಜನ ಗುಡಿ, ದೇವರ ಗುಡಿ, ಅಲ್ಲೇ ಅವ್ರು ಹಾಕಿದ್ಮೇಲೆ ಕೊಬ್ಬರಿ ಮಂಡಿ ಬೋರ್ಡಲ್ಲಿ ನಾನು ಹಾಕಬಾರ್ದಾ?” ಅಕ್ಷರಕ್ಕೆ ಬೆರಳು ತಾಗಿಸದೆ, ಒಂದಂಗುಲ ಮೇಲೆಯೇ ಗಾಳಿಯಲ್ಲಿ ಅದರ ತಿರುವು ಬರೆದುಕೊಂಡ.

ಹಳೇಬೀಡಿನಲ್ಲಿ ನಮಗೊಬ್ಬರು ಗೈಡ್ ಸಿಕ್ಕಿದ್ದರು. ಗೋಡೆಯ ಮೇಲಿನ ಬೇಟೆಯ ಸಾಲೊಂದನ್ನು ತೋರಿಸುತ್ತ, “ಇವರು ಕಾಡುಜನ, ಅನಾಗರಿಕರು. ಬಿಲ್ಲು ಹಿಡಿದು ಓಡ್ತಾ ಇದ್ದಾರೆ” ಎಂದು ಗಟ್ಟಿಯಾಗಿ ಹೇಳಿದರು. ಮಕ್ಕಳು ಮುಂದೆ ಹೋದರು. ಗಿಡ್ಡಯ್ಯ ಅಲ್ಲೇ ನಿಂತ.

“ರಾಜನಿಗೆ ಒಂದು ಉಳಿ, ಇವ್ರಿಗೆ ಒಂದು ಉಳಿ ಅಂತೇನೂ ಇಲ್ವಲ್ಲ ಮೇಡಮ್ನೋರೆ,” ಎಂದ. “ಕಣ್ಣು, ಮೂಗು, ಕಾಲ್ಗಡಗ, ಎಲ್ಲಾ ಅಷ್ಟೇ ನೀಟಾಗಿ ಕೆತ್ತವ್ನೆ. ಕೆತ್ತಿದೋನಿಗೆ ಇವ್ರು ಅನಾಗರಿಕರು ಅಂತ ಗೊತ್ತಾಗ್ಲಿಲ್ವೇನೋ.”

ನಾನು ನಕ್ಕೆ. ವಾಪಸಾಗುವಾಗ ಬಸ್ಸಿನಲ್ಲಿ ಆ ಮಾತು ತಲೆಯೊಳಗೆ ತಿರುಗುತ್ತಿತ್ತು. ನಗರದಲ್ಲಿ ಇರುವವನು ನಾಗರಿಕ, ಅಲ್ಲದವನು ಅನಾಗರಿಕ. ಪದದ ಹುಟ್ಟು ಹಿಡಿದು ನೋಡಿದರೆ, ಹಳೇಬೀಡಿನ ಪಕ್ಕದ ಹಳ್ಳಿ ಹುಲಿಕೆರೆಯಲ್ಲಿ ಹುಟ್ಟಿದ ನಾನೇ ಅನಾಗರಿಕಳು. ಹಾಸನದ ಹಾಸ್ಟೆಲಿನಲ್ಲಿ ಮುದ್ದೆ ನುಂಗುತ್ತೇನೆಂದು ನನ್ನನ್ನು ‘ಹಳ್ಳಿ ಗುಗ್ಗು’ ಎಂದು ಎರಡು ವರ್ಷ ಆಡಿಕೊಂಡಿದ್ದರು. ನಮ್ಮೂರಿನ ಹಳೆಯ ಕಲ್ಲಿನ ಕೊಳದ ಮೆಟ್ಟಿಲುಗಳನ್ನು ಅಷ್ಟು ಅಚ್ಚುಕಟ್ಟಾಗಿ ಕಟ್ಟಿದವರೂ ಇದ್ದದ್ದು ಹಳ್ಳಿಯಲ್ಲೇ ಎಂದು ಆಗ ಅವರ ಬಾಯಿ ಮುಚ್ಚಿಸಲು ನನಗೆ ತೋಚಿರಲಿಲ್ಲ.

ಮರುವರ್ಷ, ಅಂದರೆ ೧೯೯೪ರಲ್ಲಿ, ವಾರ್ಷಿಕೋತ್ಸವದ ಬೋರ್ಡಿಗೆ ಚೀಟಿ ಕೊಡಲು ಅಂಗಡಿಗೆ ಹೋದೆ. ಬಿಳಿ ಬಟ್ಟೆ ಉಟ್ಟು ತಲೆ ಬೋಳಿಸಿಕೊಂಡ, ಸುಮಾರು ಐವತ್ತರ ಒಬ್ಬರು ಸ್ಟೂಲಿನ ಮೇಲೆ ಕೂತಿದ್ದರು. ಅವರ ಎದುರು ಒಂದು ತಗಡಿನ ಟ್ರಂಕು. ಗಿಡ್ಡಯ್ಯ ಅದರ ಮುಚ್ಚಳದ ಮೇಲೆ ಬರೆಯುತ್ತಿದ್ದ.

ಆ ವರ್ಷಗಳಲ್ಲಿ ಗಿಡ್ಡಯ್ಯನ ಬೀದಿಯ ಹಲವು ಮನೆಗಳವರು ಬುದ್ಧನ ದಾರಿ ಹಿಡಿದಿದ್ದರು. ಚಂದಾ ಎತ್ತಿ ಒಂದು ಕೋಣೆ ಕಟ್ಟಿ ಅದನ್ನು ವಿಹಾರ ಎನ್ನುತ್ತಿದ್ದರು. ಅಲ್ಲಿ ಇದ್ದುಕೊಂಡು ಮಕ್ಕಳಿಗೆ ಪಾಠ, ದೊಡ್ಡವರಿಗೆ ಪ್ರಾರ್ಥನೆ ಹೇಳಿಕೊಡಲು ಬಂದವರು ಈ ಬಿಳಿ ಬಟ್ಟೆಯವರು.

“ಗಕ್ಕೆ ಇಳಿ ಮರೀಬೇಡಪ್ಪ,” ಎಂದರು ಅವರು ನಗುತ್ತ. “ಅದೊಂದು ಬಿಟ್ಟರೆ ನಾನು ಕಾಡುಮನುಷ್ಯ ಆಗಿಬಿಡ್ತೀನಿ.”

ಬಗ್ಗಿ ನೋಡಿದೆ. ‘ಅನಾಗಾರಿಕ’ ಎಂದಿತ್ತು. ನನ್ನ ಕೈ ತಾನಾಗಿಯೇ ಚೀಲದಲ್ಲಿದ್ದ ಕೆಂಪು ಪೆನ್ನಿನ ಕಡೆ ಹೋಯಿತು. ಅವರೇ ಬಿಡಿಸಿ ಹೇಳಿದರು. ಆಗಾರ ಎಂದರೆ ಮನೆ. ಕಾರಾಗಾರದಲ್ಲಿರುವುದು ಅದೇ ಆಗಾರ. ಮನೆಮಠ ಬಿಟ್ಟು ಬಂದವನು, ಇನ್ನೂ ಭಿಕ್ಷು ಆಗದವನು, ಊರೂರು ತಿರುಗಿ ಕಲಿಸುವವನು ಅನಾಗಾರಿಕ. ಪಾಲಿಯಿಂದ ಬಂದ ಪದ, ಗೌರವದ ಪದ. ‘ನಾಗರಿಕ’ಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ. ಎರಡರ ನಡುವೆ ಇರುವುದು ಒಂದು ಇಳಿ.

ನನಗೆ ಖುಷಿಯೋ ಖುಷಿ. ಮರುದಿನ ಹತ್ತನೇ ಕ್ಲಾಸಿನ ಕಪ್ಪು ಹಲಗೆಯ ಮೇಲೆ ಎರಡೂ ಪದ ಅಕ್ಕಪಕ್ಕ ಬರೆದು, ಒಂದು ಇಳಿಯ ಮಹಿಮೆ ನೋಡಿ ಎಂದು ಮಕ್ಕಳಿಗೆ ಹೇಳಿದೆ. ಬೆಲ್ ಹೊಡೆದ ಮೇಲೆ ಒರೆಸಿ ಹೊರಟೆ. ಹಲಗೆಯ ಜೊತೆ ನನ್ನ ತಲೆಯಿಂದಲೂ ಅದು ಒರೆಸಿಹೋಯಿತು. ಆ ಅನಾಗಾರಿಕರು ಮೂರು ವರ್ಷ ಇದ್ದು ೧೯೯೭ರಲ್ಲಿ ಬೇರೆ ಊರಿಗೆ ಹೊರಟುಹೋದರು. ಟ್ರಂಕನ್ನು ಗಿಡ್ಡಯ್ಯನ ಮನೆಯಲ್ಲೇ ಬಿಟ್ಟಿದ್ದರಂತೆ.

ಇನ್ನು ಸಮಿತಿಯ ವಿಷಯ. ಕೊಬ್ಬರಿ ವರ್ತಕರಾದ ಏಕಾಂತಯ್ಯನವರು ನಮ್ಮ ಶಾಲೆಗೆ ಎರಡು ಕೋಣೆ ಕಟ್ಟಿಸಿಕೊಟ್ಟವರು. ಊರು ಚೆನ್ನಾಗಿರಬೇಕೆಂಬ ಆಸೆ ಅವರಿಗೆ ನಿಜಕ್ಕೂ ಇತ್ತು. ೧೯೯೮ರಲ್ಲಿ ಅವರ ಅಧ್ಯಕ್ಷತೆಯಲ್ಲಿ ನಾಗರಿಕ ಹಿತ ಸಮಿತಿ ಹುಟ್ಟಿತು. ಭಾಷೆ ನೋಡಿಕೊಳ್ಳಲು ಎಂದು ನನ್ನನ್ನೂ ಸೇರಿಸಿಕೊಂಡರು. ಲೆಟರ್‌ಹೆಡ್ಡನ್ನು ಮಾತ್ರ ನನ್ನನ್ನು ಕೇಳದೆ ಅಚ್ಚು ಹಾಕಿಸಿಬಿಟ್ಟಿದ್ದರು. ಅದರಲ್ಲಿ ‘ನಾಗರೀಕ’ ಎಂದಿತ್ತು. ಇಡೀ ಕರ್ನಾಟಕ ಮಾಡುವ ತಪ್ಪು ಅದು, ರಿಗೆ ಸುಮ್ಮಸುಮ್ಮನೆ ದೀರ್ಘ ಎಳೆಯುವುದು. ಅದೇ ಕಾಗದ ತೋರಿಸಿ ಸಮಿತಿಯ ಬೋರ್ಡು ಬರೆಯಲು ಹೇಳಿದಾಗ ಗಿಡ್ಡಯ್ಯ ‘ನಾಗರಿಕ’ ಎಂದೇ ಬರೆದ. ಕಾಗದದಂತೆ ಬರೆಯಲಿಲ್ಲವೇಕೆಂದು ಏಕಾಂತಯ್ಯನವರು ಅಂಗಡಿಗೇ ಹೋಗಿ ಕೂಗಾಡಿದರು. “ನನ್ನ ಹೆಸರು ಕೆಳಗಿರುತ್ತೆ ಸ್ವಾಮಿ, ತಪ್ಪು ಬರ್ಯಾಕಾಗಲ್ಲ” ಎಂದನಂತೆ. ಆವತ್ತಿನಿಂದ ಏಕಾಂತಯ್ಯನವರಿಗೆ ಒಳಗೇ ಒಂದು ಕುದಿ. ಗಿಡ್ಡಯ್ಯನ ಗೋಡೆಯ ಮೇಲಿನ ಪಂಥವನ್ನು ಅವರು ಅಂದೇ ಓದಿಕೊಂಡು ಬಂದಿದ್ದರು.

ಸಮಿತಿಯ ಯೋಜನೆ ಸರಳ. ಪೇಟೆಯ ಹನ್ನೆರಡು ಬೀದಿಗಳನ್ನು ನೋಡುವುದು. ಸ್ವಚ್ಛವಾಗಿರುವ ಬೀದಿಗೆ ‘ಇದು ನಾಗರಿಕರ ಬೀದಿ’ ಎಂದು ಹಸಿರು ಬೋರ್ಡು. ಕೊಳಕಾಗಿರುವ ಬೀದಿಗೆ ‘ಇದು ಅನಾಗರಿಕರ ಬೀದಿ’ ಎಂದು ಕೆಂಪು ಬೋರ್ಡು. ನಾಚಿಕೆಯಾದರೆ ತಾವೇ ಸರಿಮಾಡಿಕೊಳ್ಳುತ್ತಾರೆ ಎಂಬುದು ಲೆಕ್ಕಾಚಾರ. ಆ ಸಭೆಯಲ್ಲಿ ನಾನೇನು ಮಾಡಿದೆ ಎಂದು ಹೇಳಿಬಿಡುತ್ತೇನೆ. ರಿಯೋ ರೀಯೋ ಎಂದು ಮುಕ್ಕಾಲು ಗಂಟೆ ವಾದ ಮಾಡಿ ಗೆದ್ದೆ. ಗೆದ್ದ ಹುರುಪಿನಲ್ಲಿ ಎರಡೂ ವಾಕ್ಯಗಳನ್ನು ನನ್ನ ಕೈಯಾರೆ ಚೀಟಿಯಲ್ಲಿ ಬರೆದುಕೊಟ್ಟೆ. ಇಡೀ ಬೀದಿಯ ಜನರನ್ನು ಅನಾಗರಿಕರು ಎಂದು ಕರೆಯುವುದು ಸರಿಯೋ ಎಂದು ಒಂದು ನಿಮಿಷವೂ ಕೇಳಲಿಲ್ಲ.

ಹನ್ನೊಂದು ಬೀದಿಗಳಿಗೆ ಹಸಿರು ಬಂತು. ಕೆಂಪು ಬಂದದ್ದು ಒಂದಕ್ಕೆ, ರೈಲ್ವೆ ಗೂಡ್ಸ್ ಶೆಡ್ಡಿನ ಹಿಂದಿನ ಬೀದಿಗೆ. ಅದಕ್ಕೊಂದು ಹೆಸರೂ ಇರಲಿಲ್ಲ. ಕಾಗದ ಬಂದರೂ ‘ಗೂಡ್ಸ್ ಶೆಡ್ ಹಿಂಭಾಗ’ ಎಂದೇ ಬರಬೇಕು. ಹನ್ನೆರಡೂ ಬೋರ್ಡು ಬರೆಯಲು ಏಕಾಂತಯ್ಯನವರ ಮಗ ಚನ್ನೇಶ್ ನನ್ನ ಚೀಟಿಯನ್ನು ಗಿಡ್ಡಯ್ಯನಿಗೆ ಕೊಟ್ಟು ಬಂದ. ಗಿಡ್ಡಯ್ಯನ ಮನೆ ಇರುವುದೂ ಅದೇ ಬೀದಿಯಲ್ಲಿ. ನನಗದು ಗೊತ್ತಿತ್ತು. ಗೊತ್ತಿದ್ದೂ ಹೊಳೆಯಲಿಲ್ಲ.

ನವೆಂಬರ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನಾವೆಲ್ಲ ಹೊರಟೆವು. ಪ್ರತಿ ಬೀದಿಯ ಬಾಯಲ್ಲಿ ಕಂಬಕ್ಕೆ ಬೋರ್ಡು ಹೊಡೆದು ಮೇಲೆ ಬಟ್ಟೆ ಮುಚ್ಚಿದ್ದರು. ಏಕಾಂತಯ್ಯನವರು ಬಟ್ಟೆ ಎಳೆಯುವುದು, ಚಪ್ಪಾಳೆ, ಒಂದೊಂದು ಪೇಡ. ಹನ್ನೊಂದು ಬೀದಿ ಹೀಗೇ ಮುಗಿದು ಗೂಡ್ಸ್ ಶೆಡ್ಡಿನ ಹಿಂದೆ ಬಂದಾಗ ಹನ್ನೊಂದು ಗಂಟೆ. ಅಷ್ಟು ವರ್ಷದಲ್ಲಿ ನಾನು ಆ ಬೀದಿಗೆ ಕಾಲಿಟ್ಟದ್ದು ಅದೇ ಮೊದಲು.

ಬೀದಿಯ ಬಾಯಲ್ಲಿ ಎದೆಮಟ್ಟದ ತಿಪ್ಪೆ. ಕೊಳೆತ ತೆಂಗಿನಕಾಯಿ, ಹರಿದ ಗೋಣಿಚೀಲ, ಸಂತೆಯ ಎಲೆಕೋಸಿನ ಸಿಪ್ಪೆ. ಚೀಲಗಳ ಮೇಲೆ ಮಂಡಿಗಳ ಹೆಸರು ಇನ್ನೂ ಓದುವಂತಿತ್ತು. ಓದುವುದು ನನ್ನ ಚಾಳಿಯಲ್ಲವೇ, ಓದಿದೆ. ಒಂದು ಚೀಲ ಏಕಾಂತಯ್ಯನವರದೇ. ತಿಪ್ಪೆ ದಾಟಿದರೆ ಒಳಗೆ ಸಾರಿಸಿ ರಂಗೋಲಿ ಬಿಟ್ಟ ಬಾಗಿಲುಗಳು. ಆ ಮನೆಗಳ ಹೆಂಗಸರು ಬೆಳಗಾಗುವ ಮೊದಲೇ ಎದ್ದು ಪೇಟೆ ಗುಡಿಸಲು ಹೋಗುವವರು. ನಾವು ಚಪ್ಪಾಳೆ ತಟ್ಟಿ ಬಂದ ಹನ್ನೊಂದು ಬೀದಿಗಳನ್ನು ಹಸಿರು ಬೋರ್ಡಿಗೆ ಯೋಗ್ಯ ಮಾಡಿದ್ದು ಅವರ ಪೊರಕೆ. ಗಿಡ್ಡಯ್ಯನ ಹೆಂಡತಿ ಮುನಿಯಮ್ಮ ಅವರಲ್ಲೊಬ್ಬಳು. ಅವಳು ಪೊರಕೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿದ್ದ ಅರ್ಧ ಪೇಡವನ್ನು ನಾನು ಚೀಲಕ್ಕೆ ಹಾಕಿಕೊಂಡೆ.

ಏಕಾಂತಯ್ಯನವರು ಬಟ್ಟೆ ಎಳೆದರು. ಕೆಂಪು ನೆಲದ ಮೇಲೆ ಮುತ್ತಿನಂಥ ಬಿಳಿ ಅಕ್ಷರ. ‘ಇದು ಅನಾಗಾರಿಕರ ಬೀದಿ.’ ಮೂಲೆಯಲ್ಲಿ, ‘ಗಿಡ್ಡಯ್ಯ, ಅರಸೀಕೆರೆ.’

ಮೊದಲು ನಕ್ಕವನು ಚನ್ನೇಶ್. “ಅಪ್ಪಾಜಿ, ನೋಡಿ ಇಲ್ಲಿ. ಗಕ್ಕೆ ಇಳಿ ಕೊಟ್ಬಿಟ್ಟವ್ನೆ.”

ಏಕಾಂತಯ್ಯನವರು ಒಂದೊಂದಕ್ಷರ ಕೂಡಿಸಿ ಓದಿದರು. ಮುಖ ಅರಳಿತು. ಗಿಡ್ಡಯ್ಯ ಕಂಬದ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ.

“ಏನ್ಲಾ ಗಿಡ್ಡಯ್ಯ, ನನಗೆ ಕಾಗುಣಿತ ಹೇಳ್ಕೊಡಾಕೆ ಬಂದಿದ್ದೆ. ಈಗ ನಿಂದೇ ಜಾರ್ತಲ್ಲ. ನಿನ್ನ ಗೋಡೆ ಮೇಲೆ ಏನು ಬರ್ಕೊಂಡಿದೀಯ, ಓದು ಎಲ್ಲರ ಮುಂದೆ. ತತ್ತಾ ಕುಂಚ.”

ಬೀದಿಯವರೆಲ್ಲ ಹೊರಗೆ ಬಂದಿದ್ದರು. ಗಿಡ್ಡಯ್ಯ ಅಂಗಿಯ ಜೇಬಿನಿಂದ ಕುಂಚ ತೆಗೆದ. ಕೊಟ್ಟರೆ ಅವನ ಮೂವತ್ತು ವರ್ಷದ ಹೆಸರು ಹೋಯಿತು. ಕೊಡದೆ ಬೋರ್ಡು ತಿದ್ದಿದರೆ, ತನ್ನ ಬೀದಿಯ ಬಾಯಲ್ಲಿ ತನ್ನ ಹೆಂಡತಿ ಮಕ್ಕಳನ್ನು ತಾನೇ ಅನಾಗರಿಕರು ಎಂದು ಬರೆದು ಕೆಳಗೆ ರುಜು ಹಾಕಿದಂತಾಯಿತು.

“ಕೊಡ್ತೀನಿ ಸ್ವಾಮಿ,” ಎಂದ. “ಅಕ್ಷರದ ವಿಷ್ಯಕ್ಕೆ ಈ ಊರಾಗೆ ದೊಡ್ಡೋರು ಮೇಡಮ್ನೋರು. ಅವ್ರು ತಪ್ಪು ಅಂದ್ಬಿಡ್ಲಿ, ಇಲ್ಲೇ ಕೊಟ್ಬಿಡ್ತೀನಿ.”

ಎಲ್ಲರೂ ನನ್ನ ಕಡೆ ತಿರುಗಿದರು. ನಿಜ ಹೇಳುತ್ತೇನೆ, ಮೊದಲು ನನಗೆ ಬಂದದ್ದು ಸಿಟ್ಟು. ಇವನೂ ತಪ್ಪಿದನೇ ಎಂಬ ಸಿಟ್ಟು. ಕೈ ಚೀಲದೊಳಗಿನ ಕೆಂಪು ಪೆನ್ನು ಹುಡುಕಿತು. ಹುಡುಕಿದೊಡನೆ, ಹಿಂದೊಮ್ಮೆ ಇದೇ ಪದದ ಎದುರು ಇದೇ ಕೈ ಇದೇ ಪೆನ್ನಿಗೆ ಹೋದದ್ದು ನೆನಪಾಯಿತು. ಟ್ರಂಕು, ಬಿಳಿ ಬಟ್ಟೆ, ಕಾರಾಗಾರ. ಗಿಡ್ಡಯ್ಯ ನನ್ನನ್ನೇ ನೋಡುತ್ತಿದ್ದ. ಮೇಡಮ್ನೋರಿಗೆ ಗೊತ್ತಿದೆ, ಅವರು ಮರೆತಿಲ್ಲ ಎಂದು ನಂಬಿಕೊಂಡು ಬರೆದಿದ್ದ ಅವನು. ನಾನು ನಾಲ್ಕು ವರ್ಷದ ಹಿಂದೆಯೇ ಹಲಗೆ ಒರೆಸಿ ಮರೆತವಳು.

“ತಪ್ಪಿಲ್ಲ,” ಎಂದೆ.

“ಏನು ಮೇಡಂ?” ಎಂದರು ಏಕಾಂತಯ್ಯನವರು.

“ಬೋರ್ಡಿನಲ್ಲಿ ತಪ್ಪಿಲ್ಲ. ಆಗಾರ ಅಂದರೆ ಮನೆ. ಮನೆ ಬಿಟ್ಟು ಊರೂರು ತಿರುಗಿ ಕಲಿಸೋ ಹಿರಿಯರಿಗೆ ಅನಾಗಾರಿಕ ಅಂತಾರೆ. ಅಂಥವರೊಬ್ಬರು ಈ ಬೀದಿಯಲ್ಲಿ ಮೂರು ವರ್ಷ ಇದ್ದರು. ಇದು ಆ ಅನಾಗಾರಿಕರ ಬೀದಿ. ಬಹುವಚನ ಗೌರವಕ್ಕೆ ಬಂದಿದೆ.”

“ನೀವು ಅವನ ಪರ ವಹಿಸ್ಕೊಂಡು ಏನೋ ಹೇಳ್ತಾ ಇದೀರಿ. ಇಂಥ ಪದ ಎಲ್ಲೈತೆ?”

ನಾನು ಬಾಯಿ ತೆಗೆಯುವ ಮೊದಲೇ ಮುನಿಯಮ್ಮ ಪೊರಕೆ ಗೋಡೆಗೆ ಒರಗಿಸಿ ಒಳಗೆ ಹೋದಳು. ತಗಡಿನ ಟ್ರಂಕನ್ನು ಎರಡು ಕೈಯಲ್ಲೂ ಹೊತ್ತು ತಂದು ಏಕಾಂತಯ್ಯನವರ ಕಾಲ ಹತ್ತಿರ ಇಟ್ಟಳು. “ನಂಗೆ ಓದಾಕೆ ಬರಲ್ಲ ಸ್ವಾಮಿ. ನೀವೇ ಓದ್ಕೊಳ್ಳಿ. ಆ ಅಯ್ಯನೋರು ಇದ್ದಾಗಿಂದ ಹಿಂಗೇ ಐತೆ.”

ಏಕಾಂತಯ್ಯನವರು ಬಗ್ಗಿ ಓದಿದರು. ಮತ್ತೆ ತಲೆಯೆತ್ತಿ ಬೋರ್ಡು ಓದಿದರು. ಅದೇ ಕೈ, ಅದೇ ಇಳಿ.

“ಇರಬಹುದು. ಆದ್ರೆ ನಾವು ಬರೆಸಿದ್ದು ಇದಲ್ವಲ್ಲ ಮೇಡಂ.”

“ಅಲ್ಲ,” ಎಂದೆ. “ತಪ್ಪಿದ್ದದ್ದು ನಾನು ಕೊಟ್ಟ ಚೀಟಿಯಲ್ಲಿ. ಅದನ್ನ ಗಿಡ್ಡಯ್ಯನವರು ತಿದ್ದಿದ್ದಾರೆ.” ಅವರ ಕಡೆ ತಿರುಗಿ ಹೇಳಿದೆ: “ಕುಂಚ ಜೇಬಿಗೆ ಹಾಕ್ಕೊಳ್ಳಿ ಗಿಡ್ಡಯ್ಯನವರೇ.”

ಹೇಳಿದ್ದೆನಲ್ಲ, ಬದಲಾದ ದಿನ ಇದೇ. ಇಲ್ಲಿಂದ ಮುಂದೆ ಅವರು.

ಏಕಾಂತಯ್ಯನವರು ಹೊರಡಲು ತಿರುಗಿದರು. ತಿಪ್ಪೆಯ ಮೇಲಿದ್ದ ತಮ್ಮದೇ ಹೆಸರಿನ ಚೀಲ ಅವರ ಕಣ್ಣಿಗೂ ಬಿತ್ತೆಂದು ಕಾಣುತ್ತದೆ. “ಚನ್ನೇಶ, ನಾಳೆ ಟ್ರ್ಯಾಕ್ಟರ್ ಕಳ್ಸು ಇಲ್ಲಿಗೆ” ಎಂದಷ್ಟೇ ಹೇಳಿ ಹೊರಟರು. ಟ್ರ್ಯಾಕ್ಟರ್ ಬಂತು. ಆಮೇಲೂ ಕಸ ತಂದು ಸುರಿಯುವವರು ಸುರಿಯದೆ ಬಿಡಲಿಲ್ಲ. ಆದರೆ ಬೀದಿಯವರು ಸುರಿಯುವವರನ್ನು ನಿಲ್ಲಿಸಿ, ಬೋರ್ಡು ತೋರಿಸಿ ಜಗಳಕ್ಕೆ ನಿಲ್ಲತೊಡಗಿದರು.

ಅಂದು ಜನ ಚೆದುರಿದ ಮೇಲೆ ಗಿಡ್ಡಯ್ಯನವರನ್ನು ಕೇಳಿದೆ: “ನಾನು ತಪ್ಪು ಅಂದುಬಿಟ್ಟಿದ್ದರೆ ಏನು ಮಾಡ್ತಿದ್ರಿ?”

“ಕುಂಚ ಕೊಟ್ಬಿಡ್ತಿದ್ದೆ ಮೇಡಮ್ನೋರೆ,” ಎಂದರು. “ಬೋರ್ಡು ಮಾತ್ರ ತಿದ್ತಿರ್ಲಿಲ್ಲ.”

ಈ ಊರಿನಲ್ಲಿ ನನ್ನ ಕಾಲದಲ್ಲಿ ಇಂಥ ಮನುಷ್ಯರೊಬ್ಬರಿದ್ದಾರೆ, ಅವರ ಅಕ್ಷರದ ಕೆಳಗೆ ನಾನು ಓಡಾಡಿದೆ ಎನ್ನಲು ನನಗೆ ಹೆಮ್ಮೆ. ಸಮಿತಿ ಒಂದೇ ವರ್ಷದಲ್ಲಿ ಮುಚ್ಚಿತು. ಹನ್ನೊಂದು ಹಸಿರು ಬೋರ್ಡುಗಳು ಬಿಸಿಲಿಗೆ ಮಾಸಿ ಒಂದೊಂದಾಗಿ ಬಿದ್ದುಹೋದವು. ಗೂಡ್ಸ್ ಶೆಡ್ಡಿನ ಹಿಂದಿನದು ಮಾತ್ರ ಉಳಿದು, ಅದೇ ಆ ಬೀದಿಯ ಹೆಸರೂ ಆಯಿತು. ಪ್ರತಿವರ್ಷ ಬುದ್ಧಪೂರ್ಣಿಮೆಯ ಹಿಂದಿನ ದಿನ ಗಿಡ್ಡಯ್ಯನವರು ಅದಕ್ಕೆ ಹೊಸ ಬಣ್ಣ ಹಚ್ಚುತ್ತಾರೆ. ಎರಡನೇ ವರ್ಷವೇ ಕೆಂಪು ಅಳಿಸಿ ನೀಲಿ ಮಾಡಿದರು. ೨೦೦೩, ೨೦೦೪ರ ಹೊತ್ತಿಗೆ ಊರಿಗೆಲ್ಲ ಫ್ಲೆಕ್ಸ್ ಬಂತು. ತಗಡಿನ ಅಂಗಡಿ ಮುಚ್ಚಿತು. ಕುಂಚವನ್ನು ಅವರಿಂದ ಯಾರೂ ಗೆಲ್ಲಲಿಲ್ಲ. ಈಗ ವರ್ಷಕ್ಕೊಂದೇ ಬೋರ್ಡಿಗೆ ಅದನ್ನು ತೆಗೆಯುತ್ತಾರೆ.

ನಾನು ನಿವೃತ್ತಳಾಗುವ ಹಿಂದಿನ ವರ್ಷ, ೨೦೦೫ರ ಜೂನ್. ಶಾಲೆಯ ಆಫೀಸಿನಲ್ಲಿ ಒಂದನೇ ಕ್ಲಾಸಿಗೆ ಸೇರಿಸಿಕೊಳ್ಳುವ ಗದ್ದಲ. ಮುನಿಯಮ್ಮನವರು ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. ಮಗಳು ಲತಾಮಣಿಗೆ ತಾಲ್ಲೂಕು ಆಫೀಸಿನಲ್ಲಿ ಕೆಲಸ, ರಜ ಸಿಕ್ಕಿರಲಿಲ್ಲ. ನಾನು ಪಕ್ಕದ ಮೇಜಿನಲ್ಲಿ ಪುಸ್ತಕ ಎಣಿಸುತ್ತಿದ್ದೆ. ಹೊಸದಾಗಿ ಬಂದಿದ್ದ ಗುಮಾಸ್ತ ಮಗುವಿನ ಹೆಸರು ಬರೆದುಕೊಂಡು ವಿಳಾಸ ಕೇಳಿದ. ಮುನಿಯಮ್ಮನವರು ಹೇಳಿದರು. ಅವನು ತನಗೆ ಕೇಳಿಸಿದಂತೆ ಬರೆದು, ರಿಜಿಸ್ಟರನ್ನು ಅವರ ಕಡೆ ತಿರುಗಿಸಿ, ಹೆಬ್ಬೆಟ್ಟಿಗೆಂದು ಶಾಯಿ ಪ್ಯಾಡು ಮುಂದಿಟ್ಟ.

ಮುನಿಯಮ್ಮನವರು ಹೆಬ್ಬೆಟ್ಟು ಒತ್ತಲಿಲ್ಲ. ಆ ಸಾಲಿನ ಮೇಲೆ ಬಗ್ಗಿ ನಿಧಾನವಾಗಿ ಬೆರಳು ಸರಿಸಿಕೊಂಡು ಹೋದರು. ಒಂದು ಅಕ್ಷರದ ಮೇಲೆ ಬೆರಳು ನಿಂತಿತು. ಏಳು ವರ್ಷ ದಿನಾ ಬೆಳಿಗ್ಗೆ ಪೊರಕೆ ಹಿಡಿದು ಆ ಬೋರ್ಡಿನ ಕೆಳಗೆ ಹಾದುಹೋದವರು ಅವರು.

“ಇಲ್ಲಿ ಗಕ್ಕೆ ಇಳಿ ಕೊಟ್ಟಿಲ್ಲ ಕಣಪ್ಪ,” ಎಂದರು. “ಕೊಡು. ಆಮೇಲೆ ಹೆಬ್ಬೆಟ್ಟು ಒತ್ತೀನಿ.”